1098: ಬೀದಿಯಲ್ಲಿ ದುಡಿಯುವ ಮಕ್ಕಳಿಗೆ ಈ ಸಹಾಯವಾಣಿ ಎಷ್ಟು ಆಸರೆ?

1996ರಲ್ಲಿ ಮುಂಬೈಯಲ್ಲಿ ಶುರುವಾದ ಮಕ್ಕಳ ಸಹಾಯವಾಣಿ ಈಗ ಮಕ್ಕಳ ರಕ್ಷಣೆಗೆಂದೇ ಇರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಸರ್ಕಾರದ ಕೈಯಲ್ಲಿದೆ. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಸಿಗ್ನಲ್‌ನಲ್ಲಿ ಪೆನ್ನು ಮಾರುವ ಮಗು ತಾನೇ ಕರೆ ಮಾಡಬಹುದು ಎಂಬುದೇ ಇದರ ದೊಡ್ಡ ಗುಣ.

ಬೇರೆಯವರು ಮಾಡುವ ಕರೆ ಸೋಲುವುದು ಹೆಚ್ಚಾಗಿ ವಿವರ ಸಾಲದೆ. 'ಮೆಜೆಸ್ಟಿಕ್ ಹತ್ತಿರ ಒಬ್ಬ ಹುಡುಗ' ಎಂದರೆ ಯಾರೂ ಹುಡುಕಲಾರರು. ಪ್ಲಾಟ್‌ಫಾರ್ಮ್ ನಂಬರು, ಪಕ್ಕದ ಅಂಗಡಿ, ಅಂಗಿಯ ಬಣ್ಣ, ಅಂದಾಜು ವಯಸ್ಸು, ಆಡುವ ಭಾಷೆ, ಗಾಯವಿದ್ದರೆ ಅದು ಎಲ್ಲಿ ಎಂಬುದನ್ನೂ ಹೇಳಿ. ಚಿಂದಿ ಆಯುವ ಮಕ್ಕಳು ನಸುಕಿನಲ್ಲೇ ಚೀಲ ಹೆಗಲಿಗೇರಿಸಿ ಹೊರಡುತ್ತಾರೆ. ಸಹಾಯವಾಣಿಯ ತಂಡ ತಡವಾಗಿ ಬಂದರೆ ಮಗು ಅಲ್ಲಿರುವುದಿಲ್ಲ. ಆದಷ್ಟು ಜೊತೆಯಲ್ಲೇ ಇರಿ, ಮಗುವನ್ನು ನಿಮ್ಮ ಮನೆಗೆ ಮಾತ್ರ ಕರೆದೊಯ್ಯಬೇಡಿ. ಫೋಟೊ ವಾಟ್ಸಾಪ್‌ಗೆ ಹಾಕಲೇಬೇಡಿ: ಬಾಲ ನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಮಗುವಿನ ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ.

ಮಗು ಸಿಕ್ಕ ಮೇಲೆ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ, ಅದರ ಆರೈಕೆಯ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಇಲ್ಲಿಯವರೆಗಿನ ವ್ಯವಸ್ಥೆ ಚೆನ್ನಾಗಿದೆ. ಕೊರತೆ ಕಾಣುವುದು ಆಮೇಲೆ. ಗುಜರಿ ಅಂಗಡಿಯವನ ಬಳಿ ಉಳಿದ ಕೂಲಿ, ಗಾಜು ಕುಯ್ದ ಅಂಗಾಲು, ನಶೆಗಾಗಿ ಸೊಲ್ಯೂಷನ್ (ಪಂಕ್ಚರ್ ಅಂಟು) ಮೂಸುವ ಚಟ ಯಾವುದನ್ನೂ ನೋಡದೆ ಊರಿಗೆ ಕಳಿಸಿದರೆ ಮಗು ಮರಳಿ ಅದೇ ನಿಲ್ದಾಣಕ್ಕೆ ಬರುತ್ತದೆ. ಕೂಲಿ ವಸೂಲಿ, ವ್ಯಸನಮುಕ್ತಿ ಚಿಕಿತ್ಸೆಯ ಬಗ್ಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ, ಲಿಖಿತವಾಗಿ ಕೇಳಿ.