ಮೋವರ್‌ನ ಎಲೆಕ್ಟ್ರಿಕ್ ಕ್ಲಚ್: ಬದಲಿ ಸಾಮಾನು ತರಿಸುವ ಮುನ್ನ

ದಾವಣಗೆರೆಯಲ್ಲಿ ಕೂತು ಓಡಿಸುವ ಹುಲ್ಲಿನ ಮೋವರ್‌ಗಳು ಕಾಲೇಜು ಮೈದಾನ, ಕಾರ್ಖಾನೆ ಆವರಣ ಎಂದು ಬೆರಳೆಣಿಕೆಯಷ್ಟು ಕಡೆ ಮಾತ್ರ. ಸ್ವಿಚ್ ಹಾಕಿದಾಗ ಎಂಜಿನ್ನಿನ ಓಟವನ್ನು ಬೆಲ್ಟ್ ಮೂಲಕ ಬ್ಲೇಡಿಗೆ ಕೊಡುವ ಅದರ ಎಲೆಕ್ಟ್ರಿಕ್ ಕ್ಲಚ್ ಆಟೋ ಸ್ಪೇರ್ ಅಂಗಡಿಯಲ್ಲಿ ಕೇಳಿ ತರುವ ಸಾಮಾನಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕು. ಅಲ್ಲಿ ಸಿಗುವ ಹೆಸರಿಲ್ಲದ 12 ವೋಲ್ಟ್, 1 ಇಂಚು ಬೋರ್‌ನ (ಶಾಫ್ಟ್ ಕೂರುವ ನಡುವಿನ ತೂತಿನ) ಬದಲಿ ಕ್ಲಚ್ ಕೊಳ್ಳಬಹುದಾ? ಕೊಳ್ಳಬಹುದು, ಆದರೆ ಬಾಕ್ಸಿನಿಂದ ತೆಗೆದ ಹಾಗೇ ಹಾಕುವಂತಿಲ್ಲ. ಅದಕ್ಕೂ ಮೊದಲು, ಹಳೇದು ನಿಜವಾಗಿ ಸತ್ತಿದೆಯಾ ಎಂದು ನೋಡಿ.

ಬೆಳಿಗ್ಗೆ ಚೆನ್ನಾಗಿ ಕತ್ತರಿಸಿ, ಅರ್ಧ ಗಂಟೆ ಕಳೆದ ಮೇಲೆ ದಟ್ಟ ಹುಲ್ಲಿನಲ್ಲಿ ಬ್ಲೇಡ್ ನಿಧಾನವಾದರೆ ಕ್ಲಚ್ ಜಾರುತ್ತಿರಬಹುದು. ಬಿಸಿಯಾದಂತೆ ತಾಮ್ರದ ಕಾಯಿಲ್‌ನ ಪ್ರತಿರೋಧ ಏರುತ್ತದೆ, ಅಯಸ್ಕಾಂತದ ಹಿಡಿತ ಇಳಿಯುತ್ತದೆ. ಸವೆತದಿಂದ ರೋಟರ್ (ಎಂಜಿನ್ ಜೊತೆ ತಿರುಗುವ ತಟ್ಟೆ) ಮತ್ತು ಆರ್ಮೇಚರ್ (ಅಯಸ್ಕಾಂತ ಎಳೆದು ಅದಕ್ಕೆ ಅಂಟಿಸುವ ತಟ್ಟೆ) ನಡುವಿನ ಸಂದು ಅಗಲವಾಗಿದ್ದರೆ ಆ ಇಳಿದ ಹಿಡಿತ ಸಾಲುವುದಿಲ್ಲ. ಈ ಸಂದನ್ನು ಅಳೆಯಲು ಬೈಕಿನ ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್, ಅಂದರೆ ತೆಳು ಲೋಹದ ಎಲೆಗಳ ಗೊಂಚಲು, ಸಾಕು. ಆಫ್ ಮಾಡಿದಾಗ ಬ್ಲೇಡ್ ನಿಲ್ಲಿಸುವ ಬ್ರೇಕ್ ಪ್ಲೇಟಿನ ಅಂಚಿನಲ್ಲಿ ಮೂರು ಸಣ್ಣ ಕಿಟಕಿಗಳಿವೆ, ಪ್ರತಿಯೊಂದರ ಪಕ್ಕದಲ್ಲೂ ಒಂದು ನಟ್ ಇದೆ. 0.3ರಿಂದ 0.4 ಮಿ.ಮೀ. ಎಲೆ ಸ್ವಲ್ಪ ಬಿಗಿಯಾಗಿ ಜಾರಬೇಕು. ಮೂರೂ ಕಡೆ ಒಂದೇ ಆಗುವವರೆಗೆ ಕಾಲು ಸುತ್ತು, ಕಾಲು ಸುತ್ತು ತಿರುಗಿಸಿ. ಅತಿ ಬಿಗಿ ಮಾಡಿದರೆ ಸ್ವಿಚ್ ಆಫ್ ಆದರೂ ತಿಕ್ಕುತ್ತದೆ, ಬ್ಲೇಡ್ ನಿಲ್ಲುವುದಿಲ್ಲ. ಕೆಲವು ಮಾದರಿಗಳಲ್ಲಿ ನಟ್ ಬದಲು ಸಂದು ಕಿರಿದಾಗಿಸಲು ತೆಗೆಯುವ ಶಿಮ್ (ತೆಳು ಲೋಹದ ತುಂಡು) ಇರುತ್ತದೆ, ಅದನ್ನು ಒಂದೇ ಸಲ ತೆಗೆಯಬಹುದು.

ಸಂದು ಸರಿಯಿದ್ದರೆ ಮಲ್ಟಿಮೀಟರ್. ಕಾಯಿಲ್ ಸಾಮಾನ್ಯವಾಗಿ 2.5ರಿಂದ 4 ಓಮ್. ಅದಕ್ಕಿಂತ ತೀರಾ ಕಡಿಮೆ ಬಂದರೆ ಒಳಗೆ ಶಾರ್ಟ್, ಫ್ಯೂಸ್ ಹಾರುತ್ತದೆ. ವೋಲ್ಟೇಜನ್ನು ಕನೆಕ್ಟರ್ ಕೂಡಿಸಿಟ್ಟೇ, ಹಿಂದಿನಿಂದ ಸೂಜಿ ಚುಚ್ಚಿ ಅಳೆಯಿರಿ. ಬಿಚ್ಚಿ ಅಳೆದರೆ ತುಕ್ಕು ಹಿಡಿದ ಸಂಪರ್ಕವೂ 12 ತೋರಿಸಿ ಮೋಸ ಮಾಡುತ್ತದೆ. ಲೋಡ್‌ನಲ್ಲಿ 11ಕ್ಕಿಂತ ಕಡಿಮೆಯಾದರೆ ತಪ್ಪು ಬಹುಶಃ ವೈರಿಂಗ್‌ದೋ ಸೀಟ್ ಸ್ವಿಚ್‌ದೋ (ಚಾಲಕ ಎದ್ದರೆ ಕರೆಂಟ್ ಕಡಿಯುವ ಸ್ವಿಚ್) ಇರಬೇಕು, ಕ್ಲಚ್‌ದಲ್ಲ. ಸುಟ್ಟ ಕಾಯಿಲನ್ನು ಬೋರ್ ಮೋಟಾರ್ ವೈಂಡಿಂಗ್ ಮಾಡುವವರಿಗೆ ಕೊಡುವ ಆಸೆ ಬೇಡ. ಎಪಾಕ್ಸಿ ಸುರಿದು ಮುಚ್ಚಿದ್ದು, ಅಗೆದು ತೆಗೆಯುವಷ್ಟರಲ್ಲಿ ಕಬ್ಬಿಣದ ಬಟ್ಟಲೇ ಸೊಟ್ಟಗಾಗಿರುತ್ತದೆ.

ಬದಲಿಸಲೇಬೇಕಾದರೆ ಬೋರ್ ಒಂದನ್ನೇ ನೋಡಿ ಆರ್ಡರ್ ಮಾಡಬೇಡಿ. ಪುಲ್ಲಿಯ ವ್ಯಾಸ, ಬೆಲ್ಟ್ ಕೂರುವ ಎತ್ತರ, ತಿರುಗುವ ದಿಕ್ಕು, ಕನೆಕ್ಟರ್ ಇಷ್ಟೂ ಹೊಂದಬೇಕು. ಪುಲ್ಲಿ ದೊಡ್ಡದಾದರೆ ಬ್ಲೇಡ್ ಮಿತಿ ಮೀರಿ ಓಡುತ್ತದೆ. ಬದಲಿ ಸಾಮಾನಿನ ದೊಡ್ಡ ಕೊರತೆ ಎಂದರೆ ಮೂರು ಕಿಟಕಿಗಳಲ್ಲೂ ಸಂದು ಒಂದೇ ಅಳತೆ ಇರುವುದು ಅಪರೂಪ. ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ, ಒರಟೆನಿಸಿದರೆ ಅಂದೇ ವಾಪಸ್ ಕಳಿಸಿ. ವಾರ್ನರ್ ಎಲೆಕ್ಟ್ರಿಕ್, ಒಗುರಾದಂಥ ತಯಾರಕರ ಕ್ಲಚ್‌ಗೆ ಹೆಚ್ಚು ದುಡ್ಡು ಕೊಡುವುದಿದ್ದರೆ ಕೊಡಬೇಕಾದ್ದು ಸಮನಾದ ಸಂದು, ನಯವಾದ ಬೇರಿಂಗ್ ಈ ಎರಡಕ್ಕೇ.

ಬಿಚ್ಚುವಾಗ ಬೀಗದ ಕೈ ತೆಗೆದು ಪ್ಲಗ್ ವೈರ್ ಕಳಚಿರಿ. ನಡುವಿನ ಬೋಲ್ಟ್ ಸಾಮಾನ್ಯವಾಗಿ 7/16 ಇಂಚಿನದು, ತಲೆ 5/8. 16 ಮಿ.ಮೀ. ಸಾಕೆಟ್ ಕೂರುತ್ತದೆ, ಆದರೆ ತುಸು ಸಡಿಲ. ಬಿಚ್ಚಲು ಇಂಪ್ಯಾಕ್ಟ್ ಗನ್ ಆಗಬಹುದು, ಬಿಗಿಯಲು ಬೇಡವೇ ಬೇಡ. ಶಾಫ್ಟಿಗೆ ಅಂಟಿಕೊಂಡಿದ್ದರೆ ರಾತ್ರಿಯಿಡೀ ತುಕ್ಕು ಬಿಡಿಸುವ ಎಣ್ಣೆ ನೆನೆಸಿ, ಎರಡೂ ಬದಿ ಸಮವಾಗಿ ಮೀಟಿ. ಪುಲ್ಲಿಯ ಅಂಚಿಗೆ ಪುಲ್ಲರ್ ಹಾಕಿದರೆ ಅಂಚು ಬಾಗುತ್ತದೆ.

ಶಾಫ್ಟನ್ನು ಎಮೆರಿಯಿಂದ ಉಜ್ಜಿ, ಆಂಟಿಸೀಜ್ (ಮತ್ತೆ ಅಂಟದಂತೆ ತಡೆಯುವ ಪೇಸ್ಟ್) ಸವರಿ, ಶಾಫ್ಟಿನ ಕೀ (ಕ್ಲಚ್ಚನ್ನು ಶಾಫ್ಟಿಗೆ ಹಿಡಿದಿಡುವ ಲೋಹದ ತುಂಡು) ಕೂರಿಸಿ. ಕ್ಲಚ್ ತಿರುಗದಂತೆ ತಡೆಯುವ ಪಟ್ಟಿ ಸಡಿಲವಾಗಿಯೇ ಇರಬೇಕು. ಅದನ್ನು ಬಿಗಿದು ಕಟ್ಟಿದರೆ ಬೇರಿಂಗ್ ಹೋಗುತ್ತದೆ, ಮರೆತರೆ ವೈರೇ ಸುತ್ತಿಕೊಂಡು ಹರಿಯುತ್ತದೆ. ಟಾರ್ಕ್ ಸುಮಾರು 68 ನ್ಯೂಟನ್ ಮೀಟರ್, ನಿಮ್ಮ ಮ್ಯಾನ್ಯುಯಲ್‌ನ ಅಂಕಿಯೇ ಅಂತಿಮ.

ಹೊಸದನ್ನು ಹಾಕಿದ ಕೂಡಲೇ ಎತ್ತರದ ಹುಲ್ಲಿಗೆ ಇಳಿಸಬಾರದು. ತಿಕ್ಕುವ ಮುಖಗಳು ಒಂದಕ್ಕೊಂದು ಹೊಂದಿಕೊಳ್ಳಲು ಅರ್ಧ ಥ್ರಾಟಲ್‌ನಲ್ಲಿ 10 ಸೆಕೆಂಡ್ ಆನ್, 10 ಸೆಕೆಂಡ್ ಆಫ್, ಹೀಗೆ 5 ಸಲ. ಮುಕ್ಕಾಲು ಥ್ರಾಟಲ್‌ನಲ್ಲಿ ಮತ್ತೆ 5 ಸಲ. ಎಂಜಿನ್ ಆರಿಸಿ, ತಣಿದ ಮೇಲೆ ಸಂದನ್ನು ಮತ್ತೊಮ್ಮೆ ಅಳೆಯಿರಿ. ಕಪ್ಪು ಮಣ್ಣಿನ ಕೆಸರು ಹತ್ತಿದೆ ಎಂದು ಪ್ರೆಶರ್ ಪೈಪ್ ಹಿಡಿದು ಕ್ಲಚ್‌ಗೆ ನೀರು ಹೊಡೆಯುವವರಿಗೆ ಮಾತ್ರ ಯಾವ ಕಂಪನಿಯದೂ ಬಾಳುವುದಿಲ್ಲ.