ಗೂಗಲ್ ಸ್ಕಾಲರ್: ಹುಡುಕುವುದಕ್ಕೆ ಸರಿ, ತೂಗುವುದಕ್ಕೆ?

ವೈದ್ಯಕೀಯ ಕಾಲೇಜೊಂದರ ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಪಾಠ ಮಾಡುವ ನನಗೆ, ಮೊದಲೆಲ್ಲ ಬಡ್ತಿಯ ಅರ್ಜಿ ತುಂಬುವಾಗ ಮಾತ್ರ ನೆನಪಾಗುತ್ತಿದ್ದ ಗೂಗಲ್ ಸ್ಕಾಲರ್ ಈಗ ದಿನಕ್ಕೊಮ್ಮೆಯಾದರೂ ತೆರೆಯುವ ಪುಟವಾಗಿದೆ. ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ, 2004ರ ನವೆಂಬರಿನಲ್ಲಿ ಆರಂಭವಾದ ಈ ಸೇವೆಗೆ ಶುಲ್ಕವಿಲ್ಲ. ಇಂಥದೇ ಲೇಖನ ಸೂಚಿಗಳಾದ ಸ್ಕೋಪಸ್, ವೆಬ್ ಆಫ್ ಸೈನ್ಸ್‌ಗಳಿಗೆ ಚಂದಾ ಕಟ್ಟಲಾಗದ ಕಾಲೇಜುಗಳಿಗೆ ಇದೊಂದೇ ಕಾರಣ ಸಾಕು. ಆದರೆ ಸಾರ್ವಜನಿಕ ಆರೋಗ್ಯ ಸಂಶೋಧಕರೊಬ್ಬರ ಪ್ರಕಟಣೆಗಳ ತೂಕವನ್ನು ಈ ಪುಟ ನೋಡಿ ಹೇಳಬಹುದೇ ಎಂದು ಯಾರಾದರೂ ಕೇಳಿದರೆ ನಾನು ಹೌದೆಂದು ತಲೆಯಾಡಿಸಲಾರೆ.

ಸಂಶೋಧಕರ ಪ್ರೊಫೈಲ್ ಪುಟದಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೂರು ಲೆಕ್ಕಗಳು: ಒಟ್ಟು ಉಲ್ಲೇಖಗಳು (ಅವರ ಲೇಖನಗಳನ್ನು ಬೇರೆ ಬರಹಗಳು ಎಷ್ಟು ಬಾರಿ ಹೆಸರಿಸಿವೆ ಎಂಬುದು), ಎಚ್-ಇಂಡೆಕ್ಸ್ ಮತ್ತು ಐ10-ಇಂಡೆಕ್ಸ್ (ಕನಿಷ್ಠ ಹತ್ತು ಬಾರಿ ಉಲ್ಲೇಖಗೊಂಡ ಲೇಖನಗಳ ಸಂಖ್ಯೆ). ಎಚ್-ಇಂಡೆಕ್ಸನ್ನು 2005ರಲ್ಲಿ ರೂಪಿಸಿದವರು ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ. ತಲಾ ಕನಿಷ್ಠ 12 ಬಾರಿ ಉಲ್ಲೇಖಗೊಂಡ 12 ಲೇಖನಗಳಿದ್ದು, 13ಕ್ಕೆ ಆ ಮಾತು ಸಲ್ಲದಿದ್ದರೆ ನಿಮ್ಮ ಎಚ್-ಇಂಡೆಕ್ಸ್ 12. ಲೆಕ್ಕ ಸುಲಭ, ಆದ್ದರಿಂದಲೇ ಸಮಿತಿಗಳಿಗೆ ಅದು ಪ್ರಿಯ. ರೋಗಭಾರದ ಜಾಗತಿಕ ಅಂದಾಜಿನಂಥ, ನೂರಾರು ಲೇಖಕರ ಹೆಸರು ಹೊತ್ತ ಲೇಖನದ ಉಲ್ಲೇಖಗಳು ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಖಾತೆಗೂ ಪೂರ್ತಿಯಾಗಿಯೇ ಜಮೆಯಾಗುತ್ತವೆ. ಒಂದು ತಾಲ್ಲೂಕಿನ ಮನೆಮನೆ ಅಲೆದು ಇಬ್ಬರೇ ಬರೆದ ಲೇಖನಕ್ಕೂ ಇದಕ್ಕೂ ಪುಟದಲ್ಲಿ ಕಾಣುವ ವ್ಯತ್ಯಾಸ ಅಂಕೆಯದು ಮಾತ್ರ, ಬೆವರಿನದಲ್ಲ.

ಯಾವುದೇ ಅಳತೆಗೋಲು ಕೈಗೆ ಬಂದರೆ ನಾನು ಅದನ್ನು ಒಂದು ಹಳೆಯ ಲೇಖನದ ಮೇಲಿಟ್ಟು ನೋಡುತ್ತೇನೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಅವರು ಸ್ಟಿಗ್ ಆಂಡರ್ಸನ್ ಅವರೊಂದಿಗೆ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟಿಸಿದ ಲೇಖನ ಅದು. ತುಮಕೂರು ಜಿಲ್ಲೆಯ ಸಮೀಕ್ಷೆಯಲ್ಲಿ ಕ್ಷಯ ಪತ್ತೆಯಾದವರನ್ನು ಮಾತನಾಡಿಸಿದಾಗ ಕಂಡದ್ದೇನೆಂದರೆ, ಹಳ್ಳಿಯವರಿಗೆ ತಮ್ಮ ಕಾಯಿಲೆಯ ಅರಿವೇ ಇಲ್ಲವೆಂಬ ಪಟ್ಟಣದ ನಂಬಿಕೆ ಸುಳ್ಳು. ಹೆಚ್ಚಿನವರಿಗೆ ಲಕ್ಷಣಗಳ ಅರಿವಿತ್ತು, ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸೆ ಅರಸಿ ಹೋಗಿದ್ದರು, ಹೋದವರಲ್ಲಿ ಹಲವರು ಕೆಮ್ಮಿನ ಔಷಧಿಯ ಸೀಸೆ ಹಿಡಿದು ಮನೆಗೆ ಮರಳಿದ್ದರು. ಈ ಲೇಖನ ಅಚ್ಚಾಗುವ ಮೊದಲೇ, ಆ ಸಂಸ್ಥೆಯ ಇಂಥ ಅಧ್ಯಯನಗಳ ಬಲದಿಂದಲೇ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ, ಕೆಮ್ಮೆಂದು ತಾವಾಗಿ ಆಸ್ಪತ್ರೆಗೆ ಬರುವವರ ಕಫ ಪರೀಕ್ಷೆಯನ್ನು ತನ್ನ ನೆಲೆಗಟ್ಟಾಗಿಸಿಕೊಂಡಿತು. ದೇಶದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕಫದ ಡಬ್ಬಿಯಲ್ಲೂ ಆ ತುಮಕೂರಿನ ಮಾತುಕತೆಯ ಪಾಲಿದೆ. ಡಬ್ಬಿಯ ಮೇಲೆ ಅಡಿಟಿಪ್ಪಣಿ ಇರುವುದಿಲ್ಲವಾದ್ದರಿಂದ ಅದು ಯಾವ ಎಣಿಕೆಗೂ ಸಿಗದು. ಆಶಾ ಕಾರ್ಯಕರ್ತೆಯರಿಗಾಗಿ ಕನ್ನಡದಲ್ಲಿ ಬರೆದ ಕೈಪಿಡಿಯ ಪಾಡೂ ಅದೇ.

ಎಣಿಕೆಗೆ ಸಿಗುವುದೆಲ್ಲ ನಿಜವೂ ಅಲ್ಲ. ಫ್ರಾನ್ಸಿನ ಸಿರಿಲ್ ಲಾಬೆ 2010ರಲ್ಲಿ ಐಕ್ ಆಂಟ್‌ಕೇರ್ ಎಂಬ, ಇಲ್ಲದ ವಿಜ್ಞಾನಿಯೊಬ್ಬನನ್ನು ಸೃಷ್ಟಿಸಿ, ಕಂಪ್ಯೂಟರಿನಿಂದ ಬರೆಸಿದ ನೂರರಷ್ಟು ಅರ್ಥಹೀನ ಲೇಖನಗಳು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿದಾಗ, ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಆತನ ಎಚ್-ಇಂಡೆಕ್ಸ್ 94ಕ್ಕೆ ಏರಿತ್ತು. ಹೆಸರನ್ನು ಇಂಗ್ಲಿಷಿನಲ್ಲಿ ಬೇಗ ಬೇಗ ಓದಿದರೆ 'ಐ ಕಾಂಟ್ ಕೇರ್', ಅಂದರೆ 'ನನಗೇನೂ ಪರವಾಯಿಲ್ಲ' ಎಂಬ ಧ್ವನಿ ಕೇಳುತ್ತದೆ.

ಇಷ್ಟೆಲ್ಲ ಹೇಳಿಯೂ ನಾನು ಇದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಪ್ರತಿ ಲೇಖನದ ಕೆಳಗೆ 'ಇದನ್ನು ಉಲ್ಲೇಖಿಸಿದವರು' ಎಂಬ ಕೊಂಡಿಯಿದೆ; ಅದರ ಪಕ್ಕದ ಅಂಕೆಯನ್ನು ಬರೆದುಕೊಂಡು ಹೋಗುವವರು ಬಾಗಿಲು ನೋಡಿ ಮನೆಯ ಬೆಲೆ ಕಟ್ಟುವವರು. ಒತ್ತಿ ಒಳಗೆ ಹೋದರೆ ಒಂದು ಕೆಲಸವನ್ನು ಯಾರು ಮುಂದುವರಿಸಿದರು, ಯಾರು ಅಲ್ಲಗಳೆದರು, ಯಾರು ಓದದೆಯೇ ಹೆಸರು ಹಾಕಿದರು ಎಂಬುದೆಲ್ಲ ತಿಳಿಯುತ್ತದೆ. ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ದೊರೆಯದ ಪ್ರಬಂಧ, ವರದಿ, ಪುಸ್ತಕಗಳೂ ಇಲ್ಲಿ ಎದುರಾಗುತ್ತವೆ. ಆರೋಗ್ಯದ ಸಾಮಾಜಿಕ ಮುಖವನ್ನು ಓದುವವರಿಗೆ ಇದು ಸಣ್ಣ ಲಾಭವಲ್ಲ.

ಹೊಸದಾಗಿ ಪ್ರೊಫೈಲ್ ತೆರೆಯುವ ಕಿರಿಯರಿಗೆ ಹೆಸರಿನ ವಿಷಯದಲ್ಲಿ ಒಂದು ಮಾತು. ಊರಿನ ಹೆಸರು, ತಂದೆಯ ಹೆಸರುಗಳನ್ನು ಇನಿಷಿಯಲ್ಲಾಗಿ ಇಟ್ಟುಕೊಳ್ಳುವ ನಮಗೆ ಪತ್ರಿಕೆಗಳು ಕೇಳುವ 'ಕೊನೆಯ ಹೆಸರು' ಎಂಬುದೇ ಇರುವುದಿಲ್ಲ. ಒಮ್ಮೆ ಇನಿಷಿಯಲ್ಲನ್ನು, ಇನ್ನೊಮ್ಮೆ ತಂದೆಯ ಹೆಸರನ್ನು ಅಲ್ಲಿ ತುಂಬಿದರೆ ಒಬ್ಬರೇ ಇಬ್ಬರಾಗುತ್ತಾರೆ, ಅದೇ ಇನಿಷಿಯಲ್ಲಿನ ಮಂಜುನಾಥರು ನಾಲ್ವರಿದ್ದರೆ ನಾಲ್ವರೂ ಒಬ್ಬರಾಗುತ್ತಾರೆ. ಆದ್ದರಿಂದ ಲೇಖನಗಳನ್ನು ತಾನಾಗಿ ಸೇರಿಸಿಕೊಳ್ಳುವ ಆಯ್ಕೆಯನ್ನು ಬಿಟ್ಟು, ಮೊದಲು ನಿಮಗೆ ಮಿಂಚಂಚೆ ಕಳುಹಿಸಿ ಕೇಳುವ ಆಯ್ಕೆಯನ್ನು ಆರಿಸಿಕೊಳ್ಳಿ. ಜೊತೆಗೆ, 2012ರಿಂದ ಉಚಿತವಾಗಿ ದೊರೆಯುತ್ತಿರುವ, ಒಬ್ಬ ಸಂಶೋಧಕರನ್ನು ಇನ್ನೊಬ್ಬರಿಂದ ಬೇರ್ಪಡಿಸಿ ಗುರುತಿಸುವ, 16 ಅಕ್ಷರಗಳ ಆರ್ಕಿಡ್ ಸಂಖ್ಯೆಯನ್ನು ಮೊದಲ ಲೇಖನ ಕಳುಹಿಸುವ ಮೊದಲೇ ಪಡೆದುಕೊಳ್ಳಿ.