ಹೇಮಾವತಿ ಹಿನ್ನೀರಿನಲ್ಲಿ ‘ಬೆಳಗುವ ನೀರು’ ತೋರಿಸ್ತೀವಿ ಅಂದರೆ ಹಣ ಕಟ್ಟಬೇಡಿ

ಹಾಸನದವರು, ಬೆಂಗಳೂರಿನಿಂದ ಶನಿವಾರ-ಭಾನುವಾರ ಈ ಕಡೆ ಬರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೇಮಾವತಿ ಹಿನ್ನೀರಿನಲ್ಲಿ ರಾತ್ರಿ ಕಯಾಕ್ ಸವಾರಿ, ಹುಟ್ಟು ಹಾಕಿದ ಕಡೆಯೆಲ್ಲ ನೀರು ನೀಲಿಯಾಗಿ ಬೆಳಗುತ್ತದೆ ಅನ್ನುವ ಒಂದು ವಿಡಿಯೋ ಓಡಾಡುತ್ತಿದೆ. ನಾವು ಅದನ್ನು ನಂಬಿ ಹೋದೆವು. ರಾತ್ರಿ ಒಂಬತ್ತೂವರೆ ಹೊತ್ತಿಗೆ ನನ್ನ ಹತ್ತು ವರ್ಷದ ಮಗಳು ಆ ನೀರಿಗೆ ಬಿದ್ದಳು. ಈಗ ಹುಷಾರಾಗಿದ್ದಾಳೆ. ಆದರೆ ಇನ್ನೊಬ್ಬರ ಮನೆ ಮಗುವಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ದೀಪಾವಳಿ ಕಳೆದು ಎರಡು ವಾರಕ್ಕೆ ತುಮಕೂರಿನಿಂದ ತಮ್ಮ ಮತ್ತು ಅವನ ಹೆಂಡತಿ ಬಂದಿದ್ದರು. ವಿಡಿಯೋ ತೋರಿಸಿದ್ದು ತಮ್ಮನೇ. ಈ ಹಿನ್ನೀರಿನಲ್ಲೇ ಇರುವ ಶೆಟ್ಟಿಹಳ್ಳಿಯ ಮುಳುಗುವ ಚರ್ಚ್ ಫೋಟೋ ಮೊದಲು ಬರುತ್ತದೆ, ಆಮೇಲೆ ನೀಲಿ ನೀರು. ನೋಡಿದವರಿಗೆ ಎರಡೂ ಒಂದೇ ಜಾಗ ಅನ್ನಿಸುತ್ತದೆ. ತಲೆಗೆ 1,800 ರೂಪಾಯಿ. ಐದು ಜನರಿಗೆ 9,000 ಪೂರ್ತಿ ಮುಂಗಡ, ಫೋನ್‌ಪೇಯಲ್ಲಿ. ರಸೀದಿ ಇಲ್ಲ. ಎಲ್ಲಿಗೆ ಬರಬೇಕು ಅನ್ನುವ ಲೊಕೇಶನ್ ಕಳಿಸಿದ್ದು ಹೊರಡುವ ಸಾಯಂಕಾಲವೇ. ಅಲ್ಲೇ ನಾವು ನಿಲ್ಲಬೇಕಿತ್ತು.

ಅಲ್ಲಿ ಹೋದರೆ ಬೋರ್ಡ್ ಇಲ್ಲ, ಲೈಟ್ ಇಲ್ಲ, ಜೋಳದ ಹೊಲ ದಾಟಿ ಒಂದು ಇಳಿಜಾರು ದಂಡೆ. ಮೊಬೈಲ್ ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ಹತ್ತು ಜನ ಸೇರಿದ್ದೆವು. ಕರೆದುಕೊಂಡು ಹೋಗಲು ಇದ್ದದ್ದು ಒಬ್ಬನೇ ಹುಡುಗ, ಇಪ್ಪತ್ತು ವರ್ಷ ಇರಬಹುದು. ಹಣ ತಗೊಂಡವರು ದಂಡೆಯಲ್ಲೇ ಕುರ್ಚಿ ಹಾಕಿಕೊಂಡು ಕೂತರು. ತಮ್ಮನ ಹೆಂಡತಿ ನೀರು ನೋಡಿ ಹೆದರಿ ಕಾರಲ್ಲೇ ಉಳಿದಳು. ಅವಳ ಹಣ ವಾಪಸ್ ಕೊಡಲ್ಲ ಅಂದರು.

ಲೈಫ್ ಜಾಕೆಟ್ ವಿಷಯ ಹೇಳಲೇಬೇಕು. ಮಗಳಿಗೆ ಕೊಟ್ಟಿದ್ದು ದೊಡ್ಡವರದು. ಮುಂದಿನ ಎರಡು ಕ್ಲಿಪ್‌ಗಳಲ್ಲಿ ಒಂದು ಮುರಿದಿತ್ತು, ಅದರ ಜಾಗದಲ್ಲಿ ಗೋಣಿಚೀಲ ಹೊಲಿಯುವ ಸುತಳಿ ಕಟ್ಟಿದ್ದರು. ಹೆಗಲ ಹತ್ತಿರ ಹಿಡಿದು ಮೇಲೆ ಎತ್ತಿದೆ, ಜಾಕೆಟ್ ಅವಳ ಕಿವಿ ಮುಚ್ಚುವ ತನಕ ಬಂತು. ‘ಸಣ್ಣ ಸೈಜ್ ಇಲ್ವಾ?’ ಅಂದೆ. ‘ಏನೂ ಆಗಲ್ಲ ಮೇಡಂ, ದಿನಾ ಮಕ್ಕಳು ಬರ್ತಾರೆ’ ಅಂದರು. ನಾನು ಸುಮ್ಮನಾದೆ. ಈ ಒಂದು ತಪ್ಪಿಗೆ ನನಗೆ ಈಗಲೂ ರಾತ್ರಿ ನಿದ್ದೆ ಬರುವುದಿಲ್ಲ. ಹೆಗಲು ಹಿಡಿದು ಎತ್ತಿದಾಗ ಜಾಕೆಟ್ ಗದ್ದ ದಾಟಿ ಮೇಲೆ ಬಂದರೆ ನೀರಲ್ಲಿ ಅದು ಮಗುವನ್ನು ಬಿಟ್ಟು ಮೇಲೆ ಜಾರುತ್ತದೆ ಅಂತಲೇ ಅರ್ಥ. ಬೇರೆ ಜಾಕೆಟ್ ಇಲ್ಲದಿದ್ದರೆ ಇಳಿಯಲೇಬೇಡಿ.

ಹುಣ್ಣಿಮೆಗೆ ಎರಡೇ ದಿನ ಇತ್ತು. ಬೆಳದಿಂಗಳು ಹಾಲು ಚೆಲ್ಲಿದ ಹಾಗಿತ್ತು. ಅರ್ಧ ಗಂಟೆ ಹುಟ್ಟು ಹಾಕಿದರೂ ನೀರು ನೀರಿನ ಹಾಗೇ ಇತ್ತು. ‘ಸ್ವಲ್ಪ ಮುಂದೆ ಹೋಗೋಣ, ಅಲ್ಲಿ ಜಾಸ್ತಿ ಇರುತ್ತೆ’ ಅಂತ ಹುಡುಗ ಕರೆದುಕೊಂಡು ಹೋದ. ಒಣಮರಗಳು ನೀರಿಂದ ಮೇಲೆದ್ದು ನಿಂತಿದ್ದ ಜಾಗಕ್ಕೆ ಬಂದಾಗ ಎಲ್ಲರೂ ಟಾರ್ಚ್ ಆರಿಸಿ ಅಂದ. ಅವನ ಕಯಾಕ್ ನಮಗಿಂತ ಮುಂದಿತ್ತು, ನಮಗೆ ಬೆನ್ನು ಹಾಕಿ ಏನೋ ಮಾಡುತ್ತಿದ್ದ. ಪಟ್ ಪಟ್ ಅಂತ ಸಣ್ಣ ಸದ್ದು. ಆಮೇಲೆ ಅವನ ಪಕ್ಕದ ನೀರು ನೀಲಿಯಾಯಿತು. ಎಲ್ಲರೂ ಹೋ ಅಂದರು.

ಮಗಳು ಕೈ ಚಾಚಿ ನೀರಿಂದ ಏನೋ ಎತ್ತಿದಳು. ‘ಅಮ್ಮಾ, ಇದು ನನ್ನ ಹತ್ರ ಇರೋ ಕಡ್ಡಿ!’ ಅಂದಳು. ಬೆರಳಷ್ಟು ಉದ್ದದ ಪ್ಲಾಸ್ಟಿಕ್ ಕೊಳವೆ, ತುದಿ ಕತ್ತರಿಸಿತ್ತು, ಒಳಗೆ ಇನ್ನೂ ನೀಲಿ ದ್ರವ ಹೊಳೆಯುತ್ತಿತ್ತು. ಹಾಸನಾಂಬೆ ಬಾಗಿಲು ತೆರೆದಿದ್ದ ದಿನಗಳಲ್ಲಿ ದೇವಸ್ಥಾನದ ಬೀದಿಯಲ್ಲಿ ಅವಳಿಗೆ ಇಂಥದ್ದೇ ಕೊಡಿಸಿದ್ದೆ. ಬಗ್ಗಿಸಿ ಮುರಿದರೆ ಹೊಳೆಯುತ್ತದಲ್ಲ, ಅದೇ. ಅದನ್ನು ಒಡೆದು ನೀರಿಗೆ ಸುರಿದಿದ್ದ.

ಎಲ್ಲರೂ ಆ ನೀಲಿಯನ್ನೇ ನೋಡುತ್ತಿದ್ದೆವು, ಕಯಾಕ್‌ಗಳು ಗಾಳಿಗೆ ಮರಗಳ ಕಡೆ ತೇಲಿದ್ದು ಯಾರಿಗೂ ಗೊತ್ತಾಗಲಿಲ್ಲ. ಮಗಳು ಮತ್ತು ತಮ್ಮ ಇದ್ದ ಕಯಾಕ್ ಅಡಿಗೆ ಏನೋ ಗುದ್ದಿತು, ಒಂದು ಕಡೆ ಎದ್ದಿತು, ಇಬ್ಬರೂ ನೀರಿಗೆ. ತಮ್ಮನಿಗೆ ಈಜು ಬರುತ್ತದೆ. ಅವನ ಕಾಲು ಮುಳುಗಿದ ಕೊಂಬೆಗಳ ನಡುವೆ ಸಿಕ್ಕಿಕೊಂಡಿತು. ಮಗಳ ಜಾಕೆಟ್ ಮೇಲೆ ತೇಲುತ್ತಿತ್ತು, ಅವಳು ಅದರ ಒಳಗೆ ಕೆಳಕ್ಕೆ ಜಾರಿದ್ದಳು. ನನಗೆ ಕಂಡಿದ್ದು ಎರಡು ಕೈ ಮಾತ್ರ. ನಮ್ಮನೆಯವರು ಹುಟ್ಟು ಚಾಚಿದರು, ಅವಳು ಹಿಡಿದುಕೊಂಡಳು. ಅಷ್ಟೊತ್ತಿಗೆ ಆ ಹುಡುಗ ಅಳುತ್ತಿದ್ದ. ಅವನಿಗೂ ಈಜು ಬರುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ದಂಡೆಯಲ್ಲಿ ಇನ್ನೊಂದು ದೋಣಿ ಇರಲಿಲ್ಲ, ಒಂದು ಹಗ್ಗವೂ ಇರಲಿಲ್ಲ.

ನಮ್ಮ ಕೂಗು ಕೇಳಿ ಬಲೆ ಹಾಕಲು ಬಂದಿದ್ದ ಒಬ್ಬ ಹಿರಿಯರು ತೆಪ್ಪದಲ್ಲಿ ಬಂದರು. ಮಗಳನ್ನು ಎತ್ತಿ ಕೂರಿಸಿ, ಹೆಗಲ ಮೇಲಿದ್ದ ಕಂಬಳಿ ಹೊದಿಸಿದರು. ದಾರಿಯುದ್ದಕ್ಕೂ ಒಂದೇ ಮಾತು: ‘ಹಗಲೊತ್ತೇ ನಾವು ಇಲ್ಲಿ ಬುಡ ನೋಡ್ಕಂಡು ಹೋಗ್ತೀವಿ ಕಣವ್ವಾ. ನೀರೊಳಗೆ ಊರೇ ಐತೆ, ತೋಟ ಐತೆ.’ ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಮುಳುಗಿದ ಊರುಗಳ ಮರ, ಕಲ್ಲು, ಗೋಡೆ ಎಲ್ಲ ಅಲ್ಲೇ ಇವೆ. ಮಳೆಗಾಲ ಕಳೆದು ನೀರು ತುಂಬಿರುವಾಗ ಅವುಗಳಲ್ಲಿ ಹೆಚ್ಚಿನವು ಕಾಣುವುದಿಲ್ಲ. ಹಗಲಲ್ಲಿ ಚರ್ಚ್ ನೋಡಲು ದಂಡೆಗೆ ಹೋಗಿ, ತುಂಬಾ ಚೆನ್ನಾಗಿದೆ. ಕತ್ತಲಲ್ಲಿ ಆ ನೀರಿಗೆ ಇಳಿಯಬೇಡಿ.

ಮರುದಿನ ಮಗಳ ಕಣ್ಣು ಕೆಂಪಗೆ ಊದಿತ್ತು. ಆ ಕಡ್ಡಿಯೊಳಗಿನ ದ್ರವ ಕಣ್ಣಿಗೆ, ಚರ್ಮಕ್ಕೆ ಉರಿ ತರುತ್ತದೆ. ಡಾಕ್ಟರ್ ತೊಳೆದು ಡ್ರಾಪ್ಸ್ ಕೊಟ್ಟರು. ಅದನ್ನು ಸುರಿದಿದ್ದು ಜನ ಕುಡಿಯುವ ನೀರಿಗೆ. ಮನಸ್ಸು ಹೇಗೆ ಬಂತು ಅಂತ ನನಗೆ ಈಗಲೂ ಅರ್ಥವಾಗುವುದಿಲ್ಲ.

ಅಕ್ಕನ ಮಗ ಮಂಗಳೂರಿನಲ್ಲಿ ಮೀನುಗಾರಿಕೆ ಓದುತ್ತಿದ್ದಾನೆ. ಫೋನ್ ಮಾಡಿ ಹೇಳಿದರೆ ಅವನು ಮೊದಲು ಕೇಳಿದ್ದೇ, ‘ಚಿಕ್ಕಮ್ಮಾ, ಸಿಹಿನೀರಲ್ಲಾ? ಹಾಗಾದ್ರೆ ಸುಳ್ಳೇ’ ಅಂತ. ನೀರನ್ನು ಹಾಗೆ ಬೆಳಗಿಸುವುದು ಸಮುದ್ರದ ಒಂದೇ ಕೋಶದ ಸೂಕ್ಷ್ಮಜೀವಿಗಳು. ನೀರು ಕದಡಿದಾಗ ಅವು ಮಿಣ್ಣನೆ ಮಿನುಗುತ್ತವೆ. ಅವಕ್ಕೆ ಉಪ್ಪುನೀರೇ ಬೇಕು. 2020ರ ಕೊನೆಯಲ್ಲಿ ನಮ್ಮ ಕರಾವಳಿಯಲ್ಲಿ ಅಲೆಗಳು ನೀಲಿಯಾಗಿ ಹೊಳೆದದ್ದು ನೆನಪಿದೆಯಲ್ವಾ? ಅದು ನೊಕ್ಟಿಲೂಕ ಅನ್ನುವ ಜೀವಿಯದು. ಕಯಾಕ್‌ನಲ್ಲಿ ಹೋಗಿ ನೋಡುವ ಪ್ರಸಿದ್ಧ ಜಾಗ ಇರುವುದು ಕೆರಿಬಿಯನ್ ಸಮುದ್ರದ ಪೋರ್ಟೋ ರಿಕೋದ ವಿಯೆಕೆಸ್ ದ್ವೀಪದಲ್ಲಿ, ಮಸ್ಕಿಟೋ ಬೇ ಅಂತ. ಸುತ್ತ ಕಾಂಡ್ಲಾ ಗಿಡ, ಸಮುದ್ರದ ಕಡೆ ಕಿರಿದಾದ ಬಾಯಿ, ಬೆಚ್ಚಗಿನ ಉಪ್ಪುನೀರು. ಅದಕ್ಕೇ ಅಲ್ಲಿ ಆ ಜೀವಿಗಳು ಒತ್ತಾಗಿ ಉಳಿಯುತ್ತವೆ. ಅಲ್ಲಿ ನೀರಿಗೆ ಇಳಿದು ಈಜುವುದಕ್ಕೂ ಬಿಡುವುದಿಲ್ಲ. ಬೆಳದಿಂಗಳಲ್ಲಿ ಮಂದ ಕಾಣುತ್ತದೆ ಅಂತ ಹುಣ್ಣಿಮೆ ಆಸುಪಾಸಿನಲ್ಲಿ ಜನ ಹೋಗುವುದೂ ಕಡಿಮೆ. ನಮ್ಮನ್ನು ಹುಣ್ಣಿಮೆಗೆ ಎರಡು ದಿನ ಇರುವಾಗ ಕರೆದುಕೊಂಡು ಹೋಗಿದ್ದರು. ಆ ವಿಡಿಯೋವನ್ನು ಈಗ ನಿಧಾನವಾಗಿ ನೋಡಿ, ದಡಕ್ಕೆ ನೊರೆ ಅಲೆ ಬಡಿಯುತ್ತದೆ. ಹೇಮಾವತಿ ಹಿನ್ನೀರಿನಲ್ಲಿ ನೊರೆ ಅಲೆ ಎಲ್ಲಿಂದ ಬರಬೇಕು?

ನಮ್ಮ ಕಡೆ ರಾತ್ರಿ ಹೊಳೆಯುವುದು ಏನೂ ಇಲ್ಲ ಅಂತಲ್ಲ. ಮುಂಗಾರಿಗೆ ಮುಂಚೆ, ಮೇ-ಜೂನ್ ಹೊತ್ತಿಗೆ, ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮಿಂಚುಹುಳ ಮರಕ್ಕೆ ಮರವೇ ತುಂಬಿರುತ್ತವೆ. ಟಾರ್ಚ್ ಆರಿಸಿ ಜಗಲಿಯಲ್ಲಿ ಕೂತರೆ ಸಾಕು, ಒಂದು ರೂಪಾಯಿ ಖರ್ಚಿಲ್ಲ. ಮಗಳಿಗೆ ಅದನ್ನೇ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೇನೆ.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ಗ್ರಾಹಕರ ಸಹಾಯವಾಣಿ 1915ಕ್ಕೂ ಹೇಳಿದ್ದೇವೆ. ಆ ಕೊಳವೆಯನ್ನು ಇಟ್ಟುಕೊಂಡಿದ್ದೇವೆ, ಹಣ ಕಳಿಸಿದ ಸ್ಕ್ರೀನ್‌ಶಾಟ್ ಇದೆ. ಆವತ್ತು ಬಂದಿದ್ದ ಉಳಿದವರೂ ಮುಂದೆ ಬಂದು ದೂರು ಕೊಡಿ. ನೀರಿನ ಹತ್ತಿರ ಹೀಗೇನಾದರೂ ಆದರೆ ತಕ್ಷಣ 112ಕ್ಕೆ ಫೋನ್ ಮಾಡಿ, ಆಯೋಜಕರು ಬೇಡ ಅಂದರೂ ಕೇಳಬೇಡಿ.

ನಿನ್ನೆ ರಾತ್ರಿ ಅದೇ ವಿಡಿಯೋ ಮತ್ತೆ ಬಂದಿದೆ. ಈ ಶನಿವಾರಕ್ಕೆ ಹನ್ನೆರಡು ಸೀಟು, ಎಂಟು ಭರ್ತಿ, ಮಕ್ಕಳಿಗೆ ಅರ್ಧ ದರ ಅಂತ ಹಾಕಿದ್ದಾರೆ. ಆ ಎಂಟು ಜನರಲ್ಲಿ ನಿಮ್ಮವರು ಯಾರಾದರೂ ಇದ್ದರೆ ಈಗಲೇ ಫೋನ್ ಮಾಡಿ ತಡೆಯಿರಿ.